ಗೇರ್ ಬೀಳದಿದ್ದರೆ ಗಾಬರಿ ಬೇಡ



ನಮ್ಮ ಸಂಘದ ಮನೆಗಳಲ್ಲಿ ಈಗ ಕಾರಿಲ್ಲದ ಮನೆ ಕಡಿಮೆ. ಹದಿನೆಂಟು ತುಂಬಿದ್ದೇ ತಡ, ನೀವೆಲ್ಲ ಲೈಸೆನ್ಸ್ ಮಾಡಿಸಿಕೊಳ್ಳುತ್ತೀರಿ. ಪುಣೆ, ನಾಶಿಕ, ಸೊಲ್ಲಾಪುರ ಎಂದು ಹೊರಟೇಬಿಡುತ್ತೀರಿ. ರಜೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಹುಬ್ಬಳ್ಳಿ, ಕಲಬುರಗಿಯವರೆಗೂ ನೀವೇ ಓಡಿಸುತ್ತೀರಿ. ನೋಡಲು ಸಂತೋಷವಾಗುತ್ತದೆ. ಆದರೆ ಡ್ರೈವಿಂಗ್ ಸ್ಕೂಲಿನಲ್ಲಿ ಓಡುವ ಕಾರನ್ನು ಓಡಿಸಲು ಕಲಿಸುತ್ತಾರೆಯೇ ಹೊರತು, ನಿಂತ ಕಾರಿನ ಮುಂದೆ ಏನು ಮಾಡಬೇಕೆಂದು ಕಲಿಸುವುದಿಲ್ಲ.

"ಕಾರು ಕೆಟ್ಟರೆ ಫೋನ್ ಇದೆಯಲ್ಲ ಆಂಟಿ" ಎನ್ನುತ್ತೀರಿ. ಫೋನ್ ಇದೆ, ನಿಜ. ಆ ಕಡೆಯವರಿಗೆ ಏನೆಂದು ಹೇಳುತ್ತೀರಿ? "ಗೇರ್ ಬೀಳ್ತಿಲ್ಲ" ಎಂದಷ್ಟೇ ಹೇಳಿದರೆ ಅದು ಡಾಕ್ಟರಿಗೆ "ಜ್ವರ ಬಂದಿದೆ" ಎಂದು ಹೇಳಿದಂತೆ. ಜ್ವರ ನೆಗಡಿಗೂ ಬರುತ್ತದೆ, ಟೈಫಾಯ್ಡಿಗೂ ಬರುತ್ತದೆ. ಹಾಗೆಯೇ ಕಾಲಡಿಯ ಮ್ಯಾಟ್ ಸರಿದರೂ ಗೇರ್ ಬೀಳದಿರಬಹುದು, ಗೇರ್ ಬಾಕ್ಸಿನ ಒಳಗೆ ಹಲ್ಲು ಮುರಿದರೂ ಬೀಳದಿರಬಹುದು. ಮೊದಲನೆಯದಕ್ಕೆ ಕಾಸಿನ ಖರ್ಚೂ ಇಲ್ಲ. ಎರಡನೆಯದಕ್ಕೆ ತಿಂಗಳ ಸಂಬಳವೇ ಹೋದೀತು. ನಿಮ್ಮ ಕಾರಿನ ಕಾಯಿಲೆ ಇವೆರಡರ ನಡುವೆ ಎಲ್ಲಿದೆ ಎಂದು ತಿಳಿಯಲು ಒಂದು ನಿಮಿಷದ ಪರೀಕ್ಷೆ ಇದೆ. ಅದಕ್ಕೆ ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ. ಅದನ್ನು ನಿಮಗೆ ಹೇಳಿಕೊಡುವುದೇ ಈ ಲೇಖನದ ಉದ್ದೇಶ.

ನಾನೇನು ಇಂಜಿನಿಯರಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದಿ, ಮದುವೆಯಾಗಿ ಈ ಕಡೆ ಬಂದ ಗೃಹಿಣಿ. ಈ ಪರೀಕ್ಷೆಯನ್ನು ನನಗೆ ಕಲಿಸಿದ್ದು ಸಿಲ್ಲೋಡಿನ ಒಬ್ಬ ಹುಡುಗ.

ಮಿಕ್ಸಿಯಿಂದ ಆರಂಭಿಸೋಣ

ಮೊದಲು ಕಾರಿನೊಳಗೆ ನಡೆಯುವುದೇನು ಎಂದು ತಿಳಿಯಬೇಕು. ಮಿಕ್ಸಿಯ ಮೋಟರ್ ಗಿರ್ರನೆ ತಿರುಗುತ್ತಿರುವಾಗ ಅದರ ಮೇಲೆ ಜಾರನ್ನು ಕೂರಿಸಲು ಹೋದರೆ ಏನಾಗುತ್ತದೆ? ಕರಕರ ಸದ್ದು ಬರುತ್ತದೆ, ಜಾರು ಕೂರುವುದಿಲ್ಲ. ಮೋಟರ್ ನಿಲ್ಲಿಸಿ ಇಟ್ಟರೆ ಅದೇ ಜಾರು ಟಕ್ಕೆಂದು ಕೂರುತ್ತದೆ. ಗೇರ್ ಬೀಳುವುದೂ ಹೀಗೆಯೇ. ಹಲ್ಲಿಗೆ ಹಲ್ಲು ಸೇರಬೇಕಾದರೆ ಎರಡರ ವೇಗ ಹೊಂದಬೇಕು.

ಆದರೆ ಪ್ರತಿ ಸಲ ಗೇರ್ ಬದಲಿಸಲು ಎಂಜಿನ್ ನಿಲ್ಲಿಸಲಾಗುವುದಿಲ್ಲವಲ್ಲ! ಅದಕ್ಕಾಗಿಯೇ ಕ್ಲಚ್. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್, ಅದನ್ನು ಗಟ್ಟಿಯಾಗಿ ಅದುಮಿ ಹಿಡಿಯಲು ಪ್ರೆಶರ್ ಪ್ಲೇಟ್. ಕಾಲು ಪೆಡಲ್ ಮೇಲೆ ಇಲ್ಲದಾಗ ಮೂರೂ ಒಂದಾಗಿ ತಿರುಗುತ್ತವೆ, ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟ್ ತನ್ನ ಹಿಡಿತ ಬಿಡುತ್ತದೆ. ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಕೂದಲೆಳೆಯಷ್ಟು ಎತ್ತಿದಂತೆ. ಎಂಜಿನ್ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ, ಗೇರ್ ಬಾಕ್ಸ್ ಬಿಡುಗಡೆ ಹೊಂದುತ್ತದೆ, ಗೇರ್ ಬೀಳುತ್ತದೆ.

ಉಳಿದ ಸಣ್ಣ ವ್ಯತ್ಯಾಸವನ್ನು ಸರಿತೂಗಿಸಲು ಗೇರ್ ಬಾಕ್ಸಿನೊಳಗೆ ಸಿಂಕ್ರೋ ರಿಂಗ್ ಎಂಬ ಹಿತ್ತಾಳೆ ಬಳೆಯಂಥ ಭಾಗವಿದೆ. ಈ ಏರ್ಪಾಟು ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಅದಕ್ಕೂ ಮುಂಚಿನ ಚಾಲಕರು ಒಂದು ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಬೇಕಿತ್ತು. ನಿಮ್ಮ ಅಜ್ಜಂದಿರ ಕಾಲದ ಫಿಯೆಟ್, ಅಂಬಾಸಿಡರ್‌ಗಳಲ್ಲಿ ಗೇರಿನ ಹಿಡಿ ಸ್ಟೇರಿಂಗ್ ಪಕ್ಕದಲ್ಲಿರುತ್ತಿತ್ತು. ಅದನ್ನು "ಹ್ಯಾಂಡ್ ಗೇರ್" ಎನ್ನುತ್ತಿದ್ದರು. ಆ ಹಿಡಿಯಿಂದ ಗೇರ್ ಬಾಕ್ಸಿನವರೆಗಿನ ಸರಳುಗಳ ಕೀಲು ಸವೆದಾಗ ಗೇರ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚಾಲಕ ಇಳಿದು, ಬಾನೆಟ್ ಎತ್ತಿ, ಕೈಯಿಂದ ಬಿಡಿಸಿ ಮತ್ತೆ ಹೊರಡುತ್ತಿದ್ದ. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಅವುಗಳ ಜೊತೆಗೆ ಬಾನೆಟ್ ಎತ್ತಿ ನೋಡುವ ಧೈರ್ಯವೂ ಮರೆಯಾಗಬಾರದು ಎಂಬುದು ನನ್ನ ಆಸೆ.

ಸಿಲ್ಲೋಡಿನ ಪಾಠ

ಸಿಲ್ಲೋಡ್ ನಿಮಗೆ ಗೊತ್ತಿರುವ ಊರೇ. ಛತ್ರಪತಿ ಸಂಭಾಜಿನಗರದಿಂದ ಅಜಂತಾಕ್ಕೆ ಹೋಗುವ ದಾರಿಯಲ್ಲಿ ಸುಮಾರು 65 ಕಿಲೋಮೀಟರ್ ಮೇಲೆ ಸಿಗುವ ತಾಲ್ಲೂಕು ಕೇಂದ್ರ. ಹತ್ತಿ, ಮೆಕ್ಕೆಜೋಳದ ಸೀಮೆ. 2004ರ ನವೆಂಬರಿನಲ್ಲಿ ನಾವು ಎರಡು ಕಾರುಗಳಲ್ಲಿ ಅಜಂತಾ ನೋಡಿಕೊಂಡು ಹಿಂದಿರುಗುತ್ತಿದ್ದೆವು. ನಮ್ಮದು ಮಾರುತಿ 800. ಸಿಲ್ಲೋಡಿನಲ್ಲಿ ಚಹಾ ಕುಡಿದು ಹೊರಡಬೇಕೆಂದರೆ ಮೊದಲನೇ ಗೇರ್ ಬೀಳಲಿಲ್ಲ. ನಮ್ಮ ಯಜಮಾನರು ಎಷ್ಟು ಒತ್ತಿದರೂ ಕರ್ರ್ ಎನ್ನುತ್ತಿತ್ತು. ಹೊತ್ತು ಮುಳುಗುತ್ತಿತ್ತು. ಹತ್ತಿ ತುಂಬಿದ ಲಾರಿಗಳು ಮೈಗೆ ತಾಗುವಂತೆ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಸಕ್ಕರೆ ಕಾಯಿಲೆಯ ನಮ್ಮ ಅತ್ತೆಯವರು, "ಏನಾತವಾ? ರಾತ್ರಿ ಇಲ್ಲೇ ಏನು?" ಎಂದು ಕೇಳುತ್ತಿದ್ದರು.

ಜೊತೆಯಲ್ಲಿದ್ದ ಹಿರಿಯರೊಬ್ಬರು "ಗೇರ್ ಬಾಕ್ಸ್ ಹೋಯ್ತು, ಊರಿಗೆ ಎಳೆಸಿಕೊಂಡೇ ಹೋಗಬೇಕು" ಎಂದು ತೀರ್ಪು ಕೊಟ್ಟೇಬಿಟ್ಟರು. ಅಷ್ಟರಲ್ಲಿ ಚಹಾದಂಗಡಿಯವರು ಪಕ್ಕದ ಗ್ಯಾರೇಜಿನಿಂದ ಒಬ್ಬ ಹುಡುಗನನ್ನು ಕರೆತಂದರು. ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಅವನು ಮೂರು ಕೆಲಸ ಮಾಡಿದ. ಮೊದಲು ಬಗ್ಗಿ ಚಾಲಕನ ಕಾಲಡಿಯ ಮ್ಯಾಟನ್ನು ಎಳೆದು ಹೊರಗೆ ಹಾಕಿದ. ಆಮೇಲೆ ಎಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ, ಒಂದರಿಂದ ನಾಲ್ಕರವರೆಗೂ ರಿವರ್ಸಿಗೂ ಗೇರ್ ಹಾಕಿ ತೆಗೆದ. ಎಲ್ಲವೂ ಬೆಣ್ಣೆಯಂತೆ ಬಿದ್ದವು. ಅವನ ಮುಖದಲ್ಲಿ ನಗು ಬಂತು. ಮೂರನೆಯದಾಗಿ ಬಾನೆಟ್ ಎತ್ತಿ, ನನಗೆ "ತಾಈ, ಕ್ಲಚ್ ದಾಬಾ" ಎಂದ. ನಾನು ಒತ್ತುತ್ತಿದ್ದಂತೆ ಗೇರ್ ಬಾಕ್ಸಿನ ಮೇಲಿನ ಸಣ್ಣ ತೋಳು ಎಷ್ಟು ಚಲಿಸುತ್ತದೆಂದು ನೋಡಿದ. ಅದು ಸ್ವಲ್ಪವೇ ಅಲುಗಾಡುತ್ತಿತ್ತು. ಕ್ಲಚ್ ವೈರಿನ ಎಳೆಗಳು ಅರ್ಧಕ್ಕರ್ಧ ಕಡಿದುಹೋಗಿ, ಉಳಿದವು ಜಗ್ಗಿದ್ದವು.

"ಗಿಯರ್‌ಬಾಕ್ಸ್ ಚಾಂಗ್ಲಾ ಆಹೆ" ಎಂದ. ಅಂಗಡಿಯಿಂದ ಹೊಸ ವೈರ್ ತಂದು, ಹಾಕಿ, ನಟ್ ತಿರುಗಿಸಿ ಹದಕ್ಕೆ ತರಲು ಒಂದು ಗಂಟೆಯೂ ಹಿಡಿಯಲಿಲ್ಲ. ರಾತ್ರಿ ಊಟಕ್ಕೆ ಅತ್ತೆಯವರು ಮನೆಯಲ್ಲಿದ್ದರು.

ಈಗ ಆ ಮೂರು ಕೆಲಸಗಳನ್ನೇ ನಿಮಗೆ ಬಿಡಿಸಿ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು.

ಜೀವ ಮೊದಲು, ಕಾರು ಆಮೇಲೆ

ಕಾರು ರಸ್ತೆಯ ಮೇಲೆ ನಿಂತಿದ್ದರೆ ನಾಲ್ಕೂ ಇಂಡಿಕೇಟರ್ ಮಿನುಗಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಕೆಂಪು ತ್ರಿಕೋನವನ್ನು ಹೆದ್ದಾರಿಯಲ್ಲಿ 50 ಮೀಟರಿಗೂ ಹಿಂದೆ ಇಡಿ. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಕಾರಿನ ಹಿಂದೆ ಮಾತ್ರ ಯಾರೂ ನಿಲ್ಲಬೇಡಿ. ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕಿ. ನೀವು ಬಿಟ್ಟುಹೋದ ಕಲ್ಲು ಕತ್ತಲಲ್ಲಿ ಬೈಕಿನವನ ಪ್ರಾಣ ತೆಗೆದೀತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಬೇರೆ ಯಾವುದೇ ಆಪತ್ತಿಗೆ 112.

ಮೊದಲ ಕೆಲಸ: ಕಾಲಡಿ ನೋಡಿ

ಮ್ಯಾಟ್ ಮಡಿಚಿಕೊಂಡು ಪೆಡಲ್ ಕೆಳಗೆ ಸೇರಿದೆಯೇ? ನೀರಿನ ಬಾಟಲಿ ಉರುಳಿ ಬಂದಿದೆಯೇ? ಒಂದರ ಮೇಲೊಂದು ಎರಡು ಮ್ಯಾಟ್ ಹಾಕಿದ್ದೀರಾ? ಪೆಡಲ್ ತಳದವರೆಗೂ ಹೋಗದಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಸೀಟು ಬಹಳ ಹಿಂದೆ ಇದ್ದರೂ ಕಾಲು ಪೂರ್ತಿ ಎಟುಕುವುದಿಲ್ಲ. ಅಣ್ಣ ಓಡಿಸಿದ ಕಾರನ್ನು ತಂಗಿ ಓಡಿಸುವಾಗ ಇದನ್ನು ಅವಶ್ಯ ನೋಡಬೇಕು.

ಎರಡನೆಯ ಕೆಲಸ: ಎಂಜಿನ್ ಬಂದ್ ಮಾಡಿ ಗೇರ್ ಹಾಕಿ

ಇದೇ ನಾನು ಹೇಳಿದ ಒಂದು ನಿಮಿಷದ ಪರೀಕ್ಷೆ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ.

ಎಲ್ಲ ಗೇರುಗಳೂ ಬಿದ್ದು, ಎಂಜಿನ್ ಚಾಲೂ ಮಾಡಿದಾಗ ಮಾತ್ರ ಬೀಳದಿದ್ದರೆ ಗೇರ್ ಬಾಕ್ಸ್ ಬಹುಮಟ್ಟಿಗೆ ನಿರಪರಾಧಿ. ತಪ್ಪು ಕ್ಲಚ್ಚಿನದು. ಅದು ಪೂರ್ತಿ ಬಿಡುತ್ತಿಲ್ಲ. ಖಾತ್ರಿ ಮಾಡಿಕೊಳ್ಳಬೇಕೆಂದರೆ, ಎಂಜಿನ್ ಚಾಲೂ ಇರುವಾಗ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಒತ್ತಿ, ಐದಾರು ಸೆಕೆಂಡ್ ಕಾದು ಮೆಲ್ಲಗೆ ರಿವರ್ಸ್ ಹಾಕಲು ನೋಡಿ. ಅಷ್ಟು ಕಾದ ಮೇಲೂ ಕರ್ರ್ ಎಂದರೆ ಕ್ಲಚ್ಚೇ ಎಂದು ತಿಳಿಯಿರಿ. ಒತ್ತಾಯ ಮಾಡಬೇಡಿ. ಆ ಸದ್ದು ಹಲ್ಲುಗಳು ಸವೆಯುವ ಸದ್ದು. ವೈರಿನ ಸಣ್ಣ ರಿಪೇರಿಯನ್ನು ಗೇರ್ ಬಾಕ್ಸಿನ ದೊಡ್ಡ ರಿಪೇರಿ ಮಾಡುವುದು ಈ ಒತ್ತಾಯವೇ.

ಎಂಜಿನ್ ನಿಂತಿದ್ದಾಗಲೂ ಗೇರ್ ಬೀಳದಿದ್ದರೆ, ಕಾರನ್ನು ಗೇಣುದ್ದ ಮುಂದೆ ಹಿಂದೆ ತಳ್ಳಿ ಇನ್ನೊಮ್ಮೆ ನೋಡಿ. ಕೆಲವೊಮ್ಮೆ ಹಲ್ಲಿನ ಮೇಲೆ ಹಲ್ಲು ಕೂತು ತಡೆಯುತ್ತದೆ, ವಿಶೇಷವಾಗಿ ಮೊದಲನೇ ಗೇರ್ ಮತ್ತು ರಿವರ್ಸಿನಲ್ಲಿ. ಆಗಲೂ ಇಲ್ಲವೆಂದರೆ ಹಿಡಿ ಹೇಗಿದೆ ನೋಡಿ. ಪಾತ್ರೆಯೊಳಗಿನ ಸೌಟಿನಂತೆ ಸಡಿಲವಾಗಿ ಎತ್ತೆತ್ತಲೋ ಆಡುತ್ತಿದ್ದರೆ, ಹಿಡಿಗೂ ಗೇರ್ ಬಾಕ್ಸಿಗೂ ನಡುವಿನ ಕೇಬಲ್ ಕಳಚಿದೆ ಅಥವಾ ಅದರ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿದೆ. ಇದೂ ಸಾಮಾನ್ಯವಾಗಿ ಹೊರಗಿನ ಕೆಲಸವೇ, ಗೇರ್ ಬಾಕ್ಸ್ ಬಿಚ್ಚಬೇಕಿಲ್ಲ. ಹಿಡಿ ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೇಬಲ್ ಬಿಗಿದಿರಬಹುದು, ಇಲ್ಲವೇ ಒಳಗಿನ ತೊಂದರೆ ಇರಬಹುದು. ಉಳಿದೆಲ್ಲ ಗೇರುಗಳು ಸರಿಯಿದ್ದು ಒಂದೇ ಗೇರ್ ತಕರಾರು ಮಾಡಿದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿರುವ ಸಂಭವ ಹೆಚ್ಚು. ಚಳಿಗಾಲದ ಬೆಳಿಗ್ಗೆ ಮಾತ್ರ ಬಿಗಿಯಾಗಿದ್ದು, ಹತ್ತು ನಿಮಿಷ ಓಡಿದ ಮೇಲೆ ಸರಿಹೋದರೆ ಗೇರ್ ಆಯಿಲ್ ನೋಡಿಸಿ.

ಗೇರ್ ಬಿದ್ದು, ಎಂಜಿನ್ ಕೂಗಿಕೊಂಡರೂ ಕಾರು ಮುಂದೆ ಹೋಗದಿದ್ದರೆ, ಸುಟ್ಟ ವಾಸನೆಯೂ ಬಂದರೆ ಅದು ಬೇರೆಯೇ ಕಾಯಿಲೆ. ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ. ಎರಡನ್ನೂ ಬೆರೆಸಬೇಡಿ. ಒಂದರಲ್ಲಿ ಕ್ಲಚ್ ಬಿಡುವುದಿಲ್ಲ, ಇನ್ನೊಂದರಲ್ಲಿ ಹಿಡಿಯುವುದಿಲ್ಲ.

ಮೂರನೆಯ ಕೆಲಸ: ಪೆಡಲ್ ಹೇಳುವುದನ್ನು ಕೇಳಿ

ಕ್ಲಚ್ ಬಿಡುತ್ತಿಲ್ಲವೆಂದು ತಿಳಿದ ಮೇಲೆ, ಏಕೆ ಎಂದು ಪೆಡಲ್ಲೇ ಹೇಳುತ್ತದೆ. ಕಾಲಿನಿಂದ ಪೆಡಲ್ಲಿಗೆ ಕೊಟ್ಟ ಒತ್ತಡ ಎರಡು ರೀತಿಯಲ್ಲಿ ಕ್ಲಚ್ಚಿಗೆ ಮುಟ್ಟುತ್ತದೆ. ಒಂದು ವೈರಿನಿಂದ, ನಮ್ಮ ಮಾರುತಿಯಲ್ಲಿದ್ದಂತೆ. ಇನ್ನೊಂದು ಆಯಿಲ್ ಒತ್ತಡದಿಂದ. ಈಗಿನ ಅನೇಕ ಕಾರುಗಳಲ್ಲಿ ಎರಡನೆಯದೇ ಇದೆ.

ವೈರಿನ ಕಾರಿನಲ್ಲಿ ಪೆಡಲ್ ದಿನದಿನಕ್ಕೆ ಬಿಗಿಯಾಗುತ್ತ ಬಂದರೆ ವೈರ್ ಒಳಗೊಳಗೇ ತುಕ್ಕು ಹಿಡಿದು ಕಡಿಯುತ್ತಿದೆ ಎಂದರ್ಥ. ಒಮ್ಮೆಲೇ ಜೀವವಿಲ್ಲದಂತೆ ತಳಕ್ಕೆ ಬಿದ್ದರೆ ವೈರ್ ಹರಿದಿದೆ.

ಆಯಿಲ್ ಕಾರಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ನಾಲ್ಕಾರು ಸಲ ಬೇಗಬೇಗ ಒತ್ತಿದಾಗ ಗೇರ್ ಬಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಆಯಿಲ್ ಸೋರುತ್ತಿದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡಿ. ಇಲ್ಲಿ ಬಹಳ ಮುಖ್ಯವಾದ ಮಾತೊಂದಿದೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಅದೊಂದೇ ಡಬ್ಬಿ. ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದ್ದರೆ ಕಾರನ್ನು ಓಡಿಸಲೇಬೇಡಿ. ಇಂದು ಗೇರ್ ಬೀಳಲಿಲ್ಲ, ನಾಳೆ ಘಾಟಿನಲ್ಲಿ ಬ್ರೇಕ್ ಹಿಡಿಯದಿದ್ದರೆ? ಆ ಡಬ್ಬಿಗೆ ಕಾರಿನ ಪುಸ್ತಕದಲ್ಲಿ ಹೇಳಿದ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಹಾಳಾಗುತ್ತವೆ. ಪೆಡಲ್ಲಿನ ಮೇಲ್ಭಾಗದಲ್ಲಿ ಜಿಗುಟು ಹಸಿ ಕಂಡರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಗೇರ್ ಬಾಕ್ಸಿನ ಬಳಿ ಕಂಡರೆ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಹೀಗೆ ಕಂಡದ್ದನ್ನು ಹಾಗೆಯೇ ಮೆಕ್ಯಾನಿಕ್‌ಗೆ ಹೇಳಿ.

ವೈರ್ ಹರಿದು ಕಾರು ಅಪಾಯದ ಜಾಗದಲ್ಲಿ ನಿಂತಿದೆ, ತಳ್ಳಲು ಜನವಿಲ್ಲ ಎನ್ನಿ. ಎಂಜಿನ್ ಬಂದ್ ಇದ್ದಾಗಲೇ ಮೊದಲನೇ ಗೇರ್ ಹಾಕಿ, ಕ್ಲಚ್ ಪೆಡಲ್ ಒತ್ತಿಕೊಂಡೇ ಸೆಲ್ಫ್ ಹೊಡೆದರೆ ಕಾರು ಎಗರಿ ಮುಂದೆ ಹೋಗುತ್ತದೆ. ಮುಂದೆ ಯಾರೂ ಇರಬಾರದು, ಬ್ರೇಕ್ ಸರಿಯಿರಬೇಕು. ನಿಲ್ಲಿಸಲು ಬ್ರೇಕ್ ಒತ್ತಿ ಎಂಜಿನ್ ಬಂದ್ ಮಾಡಿ. ಇದು ರಸ್ತೆಯ ಬದಿಗೆ ಸರಿಯುವಷ್ಟಕ್ಕೆ ಮಾತ್ರ, ಊರು ಸೇರಲು ಅಲ್ಲ.

ಆಟೋಮ್ಯಾಟಿಕ್ ಕಾರಿನವರಿಗೆ

"ನಮ್ಮದು ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲ" ಎಂದು ನಗುವವರಿಗೂ ಎರಡು ಮಾತು. ಹಿಡಿ ಪಾರ್ಕಿಂಗಿನಿಂದ ಕದಲದಿದ್ದರೆ ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ. ಬ್ರೇಕ್ ಒತ್ತದೆ ಹಿಡಿ ಬಿಡದಂತೆ ಬೀಗವಿರುತ್ತದೆ. ಆಗಲೂ ಬರದಿದ್ದರೆ ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿದೆಯೇ ಎಂದು ಯಾರಿಗಾದರೂ ನೋಡಲು ಹೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ಚೋ ಫ್ಯೂಸೋ ಹೋಗಿರಬಹುದು. ಬೆಲೆ ಅಲ್ಪ, ಅವಾಂತರ ದೊಡ್ಡದು! ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಾರ್ಕಿಂಗ್. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಒಳಗಿನ ಸಣ್ಣ ಕೊಂಡಿಯ ಮೇಲೆ ಬಿದ್ದು ಹಿಡಿ ಕಚ್ಚಿಕೊಳ್ಳುತ್ತದೆ.

2014ರಲ್ಲಿ ಸೆಲೆರಿಯೋ ಕಾರಿನೊಂದಿಗೆ ನಮ್ಮಲ್ಲಿ ಜನಪ್ರಿಯವಾದ ಎ.ಎಂ.ಟಿ. ಕಾರುಗಳಲ್ಲಿ ಕ್ಲಚ್ ಇದೆ, ಆದರೆ ಅದನ್ನು ಒತ್ತುವುದು ಯಂತ್ರ. ಬ್ಯಾಟರಿ ಸೋತರೂ ಅವು ಹಠ ಹಿಡಿಯಬಹುದು. ನ್ಯೂಟ್ರಲ್‌ಗೆ ತಂದು, ಬಂದ್ ಮಾಡಿ, ಸ್ವಲ್ಪ ಕಾದು, ಬ್ರೇಕ್ ಒತ್ತಿ ಮತ್ತೆ ಚಾಲೂ ಮಾಡಿ. ಆಗಲೂ ಬಾರದಿದ್ದರೆ ಕಂಪ್ಯೂಟರ್ ಹಚ್ಚಿ ನೋಡುವವರೇ ಬೇಕು. ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಲಾರಿಯ ಮೇಲೆ ಹೇರಿಸಿಯೇ ಒಯ್ಯಿರಿ.

ಮೆಕ್ಯಾನಿಕ್ ಮುಂದೆ ಆಡುವ ಮಾತು

ಒಂದು ತಮಾಷೆ ಗಮನಿಸಿದ್ದೀರಾ? ಕನ್ನಡದಲ್ಲಿ ಗೇರ್ "ಬೀಳುತ್ತದೆ", ಮರಾಠಿಯಲ್ಲೂ "ಪಡತೋ", ಹಿಂದಿಯಲ್ಲಿ ಮಾತ್ರ "ಲಗತಾ ಹೈ". ಬಂದ್, ಚಾಲೂ ಎಂಬ ಮಾತುಗಳಂತೂ ಹುಬ್ಬಳ್ಳಿಯಿಂದ ಜಳಗಾವಿಯವರೆಗೂ ಒಂದೇ. ಆದ್ದರಿಂದ ಭಾಷೆ ಬಾರದೆಂದು ಹಿಂಜರಿಯಬೇಡಿ. "ಬಂದ್ ಇದ್ದಾಗ ಎಲ್ಲ ಗೇರ್ ಬೀಳುತ್ತವೆ, ಚಾಲೂ ಮಾಡಿದರೆ ಬೀಳುವುದಿಲ್ಲ, ಪೆಡಲ್ ಮೆತ್ತಗಿದೆ" ಎಂದು ಮೂರು ಮಾತು ಹೇಳಿ. ಕೇಳುವವರು ಏನು ತರಬೇಕೋ ಅದನ್ನೇ ತರುತ್ತಾರೆ.

ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಂತ ಕಾರಿನ ಸುತ್ತ ನಾಲ್ಕು ಜನ ಸೇರಿ "ಮೇಡಂ, ಗೇರ್ ಬಾಕ್ಸ್ ಇಳಿಸಬೇಕು" ಎಂದಾಗ, "ಎಂಜಿನ್ ಬಂದ್ ಮಾಡಿ ನೋಡಿದ್ದೀರಾ?" ಎಂದು ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ನಿಜವಾಗಿ ಕ್ಲಚ್ ಪ್ಲೇಟ್ ಹೋಗಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಅದು ಪೂರ್ತಿ ದಿನದ ಕೆಲಸ. ಆಗ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ನೋಡಿಸಿ. ಒಂದಕ್ಕಾಗಿ ಇಳಿಸಿ, ಆರು ತಿಂಗಳಿಗೆ ಇನ್ನೊಂದಕ್ಕಾಗಿ ಮತ್ತೆ ಇಳಿಸಿದರೆ ಕೂಲಿ ಎರಡು ಪಟ್ಟು. ಖರ್ಚನ್ನು ಮೊದಲೇ ಬರೆಸಿಕೊಳ್ಳಿ, ತೆಗೆದ ಹಳೆಯ ಸಾಮಾನು ತೋರಿಸಲು ಹೇಳಿ.

ರೂಢಿಯೇ ಮದ್ದು

ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಇನ್ನೂ ಜಾಣತನ. ಓಡಿಸುವಾಗ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡಿರಬೇಡಿ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ. ಏರಿನಲ್ಲಿ ಅರ್ಧ ಕ್ಲಚ್ಚಿನಿಂದ ಕಾರನ್ನು ತಡೆದು ನಿಲ್ಲಿಸದೆ ಹ್ಯಾಂಡ್ ಬ್ರೇಕ್ ಬಳಸಿ. ಗೇರಿನ ಹಿಡಿಯ ಮೇಲೆ ಕೈ ಊರಿ ಕೂರಬೇಡಿ. ಕಾರು ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಿ.

ಯಂತ್ರವೆಂದರೆ ನಮಗೆ ದೂರದ್ದೇನಲ್ಲ. ವಾಳೂಜಿನ ಬಜಾಜ್, ಶೇಂದ್ರಾದ ಸ್ಕೋಡಾ ಮೊದಲಾದ ಕಾರಖಾನೆಗಳು ನಮ್ಮ ಮಗ್ಗುಲಲ್ಲೇ ಇವೆ. ಅಂಥ ಕಾರಖಾನೆಗಳ ನೌಕರಿಗೆಂದೇ ಈ ಕಡೆ ಬಂದ ಕನ್ನಡದ ಕುಟುಂಬಗಳಿವೆ. ಅತ್ತ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾದ ಟೊಯೋಟಾ ಗೇರ್ ಬಾಕ್ಸುಗಳು ಹೊರದೇಶಗಳಿಗೆ ಹೋಗಿವೆ. ಗೇರ್ ಬಾಕ್ಸ್ ಮಾಡುವ ಜನ ನಾವು. ಅದು ಏಕೆ ನಿಂತಿತೆಂದು ಕೇಳಲು ನಾಚಿಕೆ ಏಕೆ?

ಬರುವ ಭಾನುವಾರ ಒಂದು ಕೆಲಸ ಮಾಡಿ. ಅಂಗಳದಲ್ಲಿ ನಿಂತ, ಸರಿಯಾಗಿರುವ ಕಾರಿನಲ್ಲಿ ಕೂತು, ಎಂಜಿನ್ ಬಂದ್ ಇಟ್ಟು ಎಲ್ಲ ಗೇರುಗಳನ್ನೂ ಹಾಕಿ ತೆಗೆಯಿರಿ. ಪೆಡಲ್ ಎಷ್ಟು ಬಿಗಿ, ಹಿಡಿ ಎಷ್ಟು ಸಡಿಲ ಎಂದು ಕೈಕಾಲಿಗೆ ಪರಿಚಯ ಮಾಡಿಕೊಳ್ಳಿ. ಬ್ರೇಕ್ ಆಯಿಲಿನ ಡಬ್ಬಿ ಎಲ್ಲಿದೆ ನೋಡಿ. ಆರೋಗ್ಯವಿದ್ದಾಗಿನ ನಾಡಿ ಗೊತ್ತಿದ್ದವರಿಗೇ ಕಾಯಿಲೆಯ ನಾಡಿ ತಿಳಿಯುವುದು. ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೂ ಕಲಿಸಿ.

ನಿಮ್ಮ ದಾರಿ ಸುಗಮವಾಗಿರಲಿ, ಹೋದಲ್ಲೆಲ್ಲ ಗೇರ್ ಸರಾಗವಾಗಿ ಬೀಳುತ್ತಿರಲಿ.